ಏನೋ ಬದಲಾಗಿದೆ, ಹೋಗಿ ನೋಡು

ತಳಪಾಯನಿಗೂ ನನಗೂ ಎಣ್ಣೆ ಸೀಗೇಕಾಯಿ ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ತಳಪಾಯ ಎಂದರೆ ಕಟ್ಟಡದ್ದಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಡ್ರೈವರ್ ಬರೆಯುವ ನನ್ನ ಸಹೋದ್ಯೋಗಿಗೆ ನಾವಿಟ್ಟ ಅಡ್ಡಹೆಸರು. ಡ್ರೈವರ್ ಎಂದರೂ ಗಾಡಿ ಓಡಿಸುವವನಲ್ಲ. ಕಂಪ್ಯೂಟರಿನ ತೀರಾ ತಳದಲ್ಲಿ, ತಂತಿಗಳಿಗೆ ಅಂಟಿಕೊಂಡು ಕೆಲಸ ಮಾಡುವ ಒಂದು ಪ್ರೋಗ್ರಾಮು ಅದು. ಆ ತಳಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಅದರ ಮೇಲೆ ಕೂತು, ಜನರ ಕಣ್ಣಿಗೆ ಬೀಳುವ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವ ಪ್ರೋಗ್ರಾಮು ನನ್ನದು. ನಾನು ಕೂರುವುದೂ ಮೇಲಿನ ಮಹಡಿಯಲ್ಲಿ. ನನಗೇನು ಅಡ್ಡಹೆಸರಿಟ್ಟಿದ್ದಾರೆಂದು ಇದುವರೆಗೆ ಯಾರೂ ಬಾಯಿ ಬಿಟ್ಟಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಹೇಳುವ ಧೈರ್ಯ ಬಂದಿರಲಿಕ್ಕಿಲ್ಲ.

ನಾವು ತಯಾರಿಸುವುದು ಒಂದು ಡಬ್ಬಿ. ಊಟದ ಡಬ್ಬಿಯಷ್ಟು ದೊಡ್ಡದು, ಅದರಷ್ಟು ಉಪಯೋಗವಿಲ್ಲ ಎಂದು ಅಮ್ಮನ ಅಭಿಪ್ರಾಯ. ಸಭೆಯಲ್ಲಿ ಒಬ್ಬರು ಮಾತಾಡುತ್ತಿದ್ದರೆ ಮೂಲೆಯಲ್ಲಿ ಕೂತ ಟೈಪಿಸ್ಟ್ ಅದನ್ನು ಕೇಳುತ್ತಾ ಕೇಳುತ್ತಾ ಟೈಪು ಮಾಡುತ್ತಾರೆ. ಡಬ್ಬಿ ಆ ಮಾತನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತದೆ. ಕಿವಿ ಕೇಳದವರು ಓದಿಕೊಳ್ಳುತ್ತಾರೆ. ಹೇಳಿದರೆ ಇಷ್ಟೇ, ಆದರೆ ಮಾಡಿ ನೋಡಿದವರಿಗೆ ಗೊತ್ತು ಅದರ ಪಾಡು.

ಪಾಡೆಲ್ಲ ಇರುವುದು ಪರದೆಯನ್ನು ಗುರುತಿಸುವುದರಲ್ಲಿ. ಕೇಬಲ್ ಚುಚ್ಚಿದರೆ ಸಾಕು, ಮಿಕ್ಕಿದ್ದು ತಾನಾಗಿ ಆಗಬೇಕು. ಹೇಗೆಂದರೆ, ಪರದೆ ಬಂದ ಕೂಡಲೇ ಕೇಬಲ್ಲಿನ ಒಂದು ತಂತಿಗೆ ಜೀವ ಬರುತ್ತದೆ. ತಳಪಾಯನ ಡ್ರೈವರ್ ಅದನ್ನು ಕಂಡು ಮೇಲಕ್ಕೆ ಒಂದು ಕೂಗು ಹಾಕುತ್ತದೆ: "ಏನೋ ಬದಲಾಗಿದೆ!" ಅಷ್ಟೇ. ಏನು ಬದಲಾಯಿತು, ಯಾವ ಪೋರ್ಟಿನಲ್ಲಿ, ಅಂದರೆ ಕೇಬಲ್ ಚುಚ್ಚುವ ಯಾವ ಕಿಂಡಿಯಲ್ಲಿ, ಬಂದರೋ ಹೋದರೋ, ಒಂದನ್ನೂ ಹೇಳುವುದಿಲ್ಲ. ನಮ್ಮಮ್ಮ ಅಡುಗೆಮನೆಯಿಂದ "ಯಾರೋ ಬಂದ್ರು ನೋಡೇ" ಅಂತ ಕೂಗುತ್ತಾಳಲ್ಲ, ಹಾಗೆ. ಬಂದದ್ದು ಅಂಚೆಯವನೋ ಪಕ್ಕದ ಮನೆಯ ಬೆಕ್ಕೋ, ಎದ್ದು ಹೋಗಿ ನೋಡುವುದು ನನ್ನ ಹಣೆಬರಹ. ಕೂಗು ಕೇಳಿದ ಮೇಲೆ ನನ್ನ ಪ್ರೋಗ್ರಾಮು ಡಬ್ಬಿಯ ಎಲ್ಲ ಪೋರ್ಟುಗಳಿಗೂ ಹೋಗಿ, "ಯಾರಿದ್ದೀರಿ? ನಿಮ್ಮ ಅಳತೆ ಎಷ್ಟು?" ಎಂದು ವಿಚಾರಿಸುತ್ತದೆ. ಪರದೆ ತನ್ನ ಹೆಸರು, ಅಳತೆ ಹೇಳಿದರೆ ಅದಕ್ಕೆ ತಕ್ಕಂತೆ ಅಕ್ಷರ ಮೂಡಿಸುತ್ತದೆ. ಉತ್ತರ ಬರದಿದ್ದರೆ, ಯಾರೂ ಇಲ್ಲವೆಂದು ವಾಪಸ್ಸು ಬಂದು ಕೂರುತ್ತದೆ.

ಊರಿನ ಗ್ರಂಥಾಲಯದವರು ನಮ್ಮ ಡಬ್ಬಿ ತರಿಸಿಕೊಂಡಾಗ ಜಗಳ ಶುರುವಾಯಿತು. ಅಲ್ಲಿನ ಸಭಾಂಗಣದಲ್ಲಿದ್ದದ್ದು ಹಳೇ ಪ್ರೊಜೆಕ್ಟರು, ಸೋಮಾರಿ. ಸ್ವಿಚ್ ಹಾಕಿದ ತಕ್ಷಣ ತಂತಿಯ ಮೂಲಕ "ಬಂದೆ" ಅನ್ನುತ್ತದೆ. ಹೋಗಿ ಹೆಸರು ಕೇಳಿದರೆ ಬಾಯಿ ಬಿಡುವುದಿಲ್ಲ, ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದವರ ಹಾಗೆ ಸುಮ್ಮನೆ ನಿಂತಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಪೂರ್ತಿ ಎಚ್ಚರವಾಗಿ, ತಂತಿಯನ್ನು ಇನ್ನೊಮ್ಮೆ ಅಲ್ಲಾಡಿಸುತ್ತದೆ. ಡ್ರೈವರ್ ಎರಡನೇ ಸಲ ಕೂಗುತ್ತದೆ. ಅಷ್ಟರಲ್ಲಿ ನನ್ನ ಪ್ರೋಗ್ರಾಮು ಮೊದಲ ಕೂಗಿಗೇ ಓಡಿಹೋಗಿ, ಇನ್ನೂ ಉತ್ತರಕ್ಕೆ ಕಾಯುತ್ತಾ ನಿಂತಿರುತ್ತದೆ. ಎರಡನೇ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಪರದೆ ಖಾಲಿ.

"ಮೇಡಂ, ನನ್ನ ಡ್ರೈವರ್ ಎರಡು ಸಲ ಕೂಗಿದೆ," ಎಂದ ತಳಪಾಯ ಮೆಟ್ಟಿಲ ಬುಡದಲ್ಲಿ ನಿಂತು. ಅವನು ಮೇಡಂ ಎಂದರೆ ಜಗಳಕ್ಕೆ ಸಿದ್ಧ ಎಂದರ್ಥ. "ನಿಮಗೆ ಕೇಳಿಸ್ಲಿಲ್ಲ ಅಂದ್ರೆ ನಾನೇನು ಡಂಗುರ ಸಾರ್ಲಾ?"

"ಕಣ್ಣೇ ಬಿಡದೆ ಇರೋ ಪ್ರೊಜೆಕ್ಟರ್ ಬಂತು ಅಂತ ಯಾಕ್ರೀ ಕೂಗ್ತೀರಾ?" ನಾನು ಮೆಟ್ಟಿಲ ಮೇಲಿಂದಲೇ ಕೇಳಿದೆ. "ಅದು ಸರಿಯಾಗಿ ಎದ್ದು ಕೂತ್ಮೇಲೆ ಒಂದೇ ಒಂದು ಸಲ ಕೂಗಿ. ಸಾಕು."

"ಮೊದಲ್ನೇ ಕೂಗಿಗೇ ಎದ್ದುಬಿದ್ದು ಓಡಿ ಅಂತ ನಿಮಗ್ಯಾರು ಹೇಳಿದ್ರು? ಎಂಥಾ ಪರದೆ ಆದ್ರೂ ಕೂತ್ಕೊಳ್ಳೋ ಮುಂಚೆ ಎರಡು ಸಲ ಕುಣಿಯುತ್ತೆ. ಎರಡನೇದಕ್ಕೆ ಕಾಯಿರಿ. ತಾಳ್ಮೆ ಅನ್ನೋದೊಂದಿದೆ ಪ್ರಪಂಚದಲ್ಲಿ."

"ನನಗೆ ತಾಳ್ಮೆ ಪಾಠ ಹೇಳ್ಬೇಡಿ!" ಎಂದು ನಾನು ಹೇಳಿದ್ದು ಎದುರುಗಡೆಯ ಕನ್ನಡಕದ ಅಂಗಡಿಯವರೆಗೂ ಕೇಳಿಸಿತಂತೆ.

ನಮ್ಮ ಕಂಪನಿಯ ಯಜಮಾನಿ ತಮ್ಮ ಕೋಣೆಯಿಂದ ಹೊರಗೆ ಬಂದರು. ಆಕೆ ಯಾರ ಪಕ್ಷವನ್ನೂ ವಹಿಸುವವರಲ್ಲ; ಇಬ್ಬರಿಗೂ ಸಮನಾಗಿ ಬೈಯುವುದೇ ಆಕೆಯ ನ್ಯಾಯ. "ಇಬ್ರೂ ಬಾಯಿಗೆ ಬೀಗ ಹಾಕ್ಕೊಳ್ಳಿ. ಯಾರು ಸರಿ, ಯಾರು ತಪ್ಪು ನನಗೆ ಬೇಕಾಗಿಲ್ಲ. ಪರದೆ ಹತ್ಕೋಬೇಕು, ಅಷ್ಟೇ," ಎಂದರು. ನಾವು ಬೀಗ ಹಾಕಿಕೊಂಡೆವು. ಎಷ್ಟು ಭದ್ರವಾಗಿ ಹಾಕಿಕೊಂಡೆವೆಂದರೆ, ಅಂದಿನಿಂದ ಇಬ್ಬರ ನಡುವೆ ಮಾತುಕತೆಯೇ ನಿಂತುಹೋಯಿತು. ಕಾಫಿ ಯಂತ್ರದ ಹತ್ತಿರ ಎದುರಾದರೆ ಅವನು ಕಿಟಕಿ ನೋಡುತ್ತಿದ್ದ, ನಾನು ಸಕ್ಕರೆ ನೋಡುತ್ತಿದ್ದೆ.

ಒಂದು ಜುಜುಬಿ ಕೂಗಿಗೆ ನಾನು ಇಷ್ಟೊಂದು ಹಾರಾಡಲು ಕಾರಣ ನನ್ನ ಅಪ್ಪ.

ಅಪ್ಪ ಮುದ್ರಣಾಲಯದಲ್ಲಿ ಮಶೀನ್ ನಡೆಸುತ್ತಿದ್ದವನು. ಆ ಮಶೀನುಗಳ ಸದ್ದು ವರ್ಷಗಟ್ಟಲೆ ಅವನ ಕಿವಿಯನ್ನು ತಿಂದಿತು. ಮೊದಮೊದಲು ಟಿವಿ ಜೋರು ಮಾಡುತ್ತಿದ್ದ, ಆಮೇಲೆ ನಮಗೆಲ್ಲ ಜೋರಾಗಿ ಮಾತಾಡಿ ಎನ್ನುತ್ತಿದ್ದ, ಕೊನೆಗೆ ಏನೂ ಹೇಳದಾದ. ಕಿವಿಗೆ ಯಂತ್ರ ಹಾಕಿಸಿದೆವು. ಅದು ಜನರ ಮಾತಿಗಿಂತ ಕುರ್ಚಿ ಎಳೆಯುವ ಸದ್ದನ್ನೇ ಚೆನ್ನಾಗಿ ಕೇಳಿಸುತ್ತದೆ ಎಂದು ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟ. ಮನೆಯಲ್ಲಿ ಅಮ್ಮ ಬಾಯಿ ಅಗಲಿಸಿ ಮಾತಾಡುತ್ತಾಳೆ, ನಾನು ಅವನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತೇನೆ. ನಡೆಯುತ್ತದೆ ಸಂಸಾರ.

ಹಿಂದೆ ಅಪ್ಪ ಎಂಥ ಮಾತುಗಾರ ಎಂಬುದನ್ನು ಹೇಳಬೇಕು. ಎದುರಿಗಿದ್ದವರ ವಾಕ್ಯ ಮುಗಿಯುವ ಮುಂಚೆಯೇ ಅದಕ್ಕೊಂದು ಕೊಕ್ಕೆ ಹಾಕುತ್ತಿದ್ದ, ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೆಂಟರ ಮನೆಗೆ ಹೋದರೆ ನಮ್ಮನ್ನು ಕೇಳುವ ಮೊದಲು "ಅವನೆಲ್ಲಿ?" ಅಂತ ಅವನನ್ನೇ ಕೇಳುತ್ತಿದ್ದರು. ಅಂಥವನು ಹೊರಗೆ ಹೋಗುವುದನ್ನೇ ಬಿಟ್ಟದ್ದು ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಮೇಲೆ. ಆಕೆಯನ್ನು ನೆನೆಯಲು ಎಲ್ಲರೂ ಸೇರಿದ್ದರು, ಆಕೆಯ ಮಗ ಮಾತಾಡುತ್ತಿದ್ದ. ಎದುರು ಕೂತ ಒಬ್ಬರ ತುಟಿ ಅಲುಗಿದ್ದು ಅಪ್ಪನಿಗೆ ಕಾಣಿಸಿತು. ಏನೋ ತಮಾಷೆ ಹೇಳಿದರೆಂದುಕೊಂಡು ಗಟ್ಟಿಯಾಗಿ ನಕ್ಕುಬಿಟ್ಟ. ಅವರು ಅಳು ತಡೆದುಕೊಳ್ಳುತ್ತಿದ್ದರು. ಇಡೀ ಕೋಣೆ ಅಪ್ಪನ ಕಡೆ ತಿರುಗಿತು. ಆ ಮುಖಗಳನ್ನು ನೋಡಿದ ಅಪ್ಪ ಎದ್ದು ಮನೆಗೆ ಬಂದುಬಿಟ್ಟ.

ಅವನ ಕಷ್ಟ ನನಗೆ ನನ್ನ ಕೆಲಸದಿಂದಲೇ ಅರ್ಥವಾದದ್ದು. ಜನರು ಕತ್ತು ತಿರುಗಿಸುವುದು ಕಾಣುತ್ತದೆ, ಹೆಗಲು ಕುಲುಕುವುದು ಕಾಣುತ್ತದೆ. ಏನೋ ಬದಲಾಗಿದೆ ಎಂದು ಗೊತ್ತಾಗುತ್ತದೆ. ಏನೆಂದು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿ ಹುಡುಕಬೇಕು. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ.

ಗ್ರಂಥಾಲಯಕ್ಕೆ ನಮ್ಮ ಡಬ್ಬಿ ಹೋಗುವುದು ಖಚಿತವಾದಾಗ ನಾನು ಅಪ್ಪನ ಅಂಗೈ ಹಿಡಿದು ಬರೆದೆ: ಬರ್ತೀಯಾ? ಅವನು ಅಂಗೈ ಮುಚ್ಚಿಕೊಂಡ. ಆಮೇಲೆ ಮನೆಯೆಲ್ಲ ಅದುರುವ ಹಾಗೆ, "ಇದೊಂದ್ಸಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಮತ್ತೆ ಯಾವತ್ತೂ ನನ್ನ ಕರೀಬಾರ್ದು. ನೀನೂ ಅಷ್ಟೇ, ನಿಮ್ಮಮ್ಮನೂ ಅಷ್ಟೇ," ಎಂದ. ತನ್ನ ಮಾತು ತನಗೆ ಕೇಳಿಸದ್ದರಿಂದ ಅಪ್ಪನಿಗೆ ಅದರ ಅಳತೆ ತಪ್ಪಿದೆ. ಮೆಲ್ಲಗೆ ಮಾತಾಡು ಎಂದು ಅಮ್ಮ ಕೈಸನ್ನೆ ಮಾಡಿ ಮಾಡಿ ಸೋತಿದ್ದಾಳೆ.

ಆ ವಾರ ಅವನು ತನ್ನ ಒಳ್ಳೇ ಅಂಗಿಯನ್ನು ತೆಗೆದು ಇಸ್ತ್ರಿ ಮಾಡಿ, ಮಾರನೇ ದಿನ ಮತ್ತೆ ತೆಗೆದು ಮತ್ತೆ ಇಸ್ತ್ರಿ ಮಾಡುತ್ತಿದ್ದುದನ್ನು ನೋಡಿದ ಮೇಲೆ ನನ್ನ ಹಠ ಇಳಿಯಿತು. ತಳಪಾಯನ ಹತ್ತಿರ ಹೋಗಿ ಮಾತಾಡುವಷ್ಟೇನೂ ಇಳಿಯಲಿಲ್ಲ. ಆದರೆ ಅವನು ಹೇಳಿದ್ದರಲ್ಲೂ ಅರ್ಥವಿದೆ ಅನ್ನಿಸಿತು. ಹೋಗಲಿ, ನಾನೇ ಬಿಟ್ಟುಕೊಡೋಣ ಎಂದು ನನ್ನ ಪ್ರೋಗ್ರಾಮನ್ನು ತಿದ್ದಿದೆ. ಮೊದಲ ಕೂಗನ್ನು ಗಾಳಿಸುದ್ದಿ ಎಂದು ಬಿಟ್ಟುಬಿಡುವುದು, ಎರಡನೆಯದು ಬಂದಾಗ ಎದ್ದು ನೋಡುವುದು. ನನ್ನ ಮೇಜಿನ ಮೇಲೆ ಹಳೇ ಪರದೆಗಳನ್ನೆಲ್ಲ ಜೋಡಿಸಿ ಪರೀಕ್ಷೆ ಮಾಡಿದೆ. ಎಲ್ಲವೂ ಹತ್ತಿಕೊಂಡವು. ಯಜಮಾನಿಗೆ ಒಪ್ಪಿಸುವಾಗ, "ಪೂರ್ತಿ ಸರಿಯಾಗಿದೆ. ಕೆಳಗಿನವರು ಏನೂ ಮುಟ್ಟಬೇಕಾಗಿಲ್ಲ," ಎಂದೆ. ಸ್ವಲ್ಪ ದೊಡ್ಡತನದಿಂದಲೇ ಹೇಳಿದೆನೆನ್ನಿ.

ಗ್ರಂಥಾಲಯದ ಮೊದಲ ಕಾರ್ಯಕ್ರಮಕ್ಕೆ ಭಾಷಣಕಾರರಾಗಿ ಬಂದವರು ಒಬ್ಬ ಪಶುವೈದ್ಯರು. ಸಾಕುಪ್ರಾಣಿಗಳ ಬಗ್ಗೆ ಮಾತಾಡುವವರಿದ್ದರು. ನಮ್ಮ ಪುಣ್ಯಕ್ಕೆ ಊರಲ್ಲಿ ನಾಯಿ ಬೆಕ್ಕು ಸಾಕದವರೇ ಕಡಿಮೆ. ಕುರ್ಚಿಗಳು ಸಂಜೆಗೆ ಮುಂಚೆಯೇ ತುಂಬಿದವು. ಅಪ್ಪ ಮುಂದಿನ ಸಾಲಿನ ನಡುವೆ, ಪಕ್ಕದಲ್ಲಿ ಅಮ್ಮ. ಎದುರಿಗೆ ಟೈಪಿಸ್ಟಕ್ಕ ಬೆರಳಿನ ನೆಟಿಗೆ ಮುರಿದುಕೊಂಡು ತಯಾರಾಗಿ ಕೂತಿದ್ದರು. ಅಪ್ಪನಂತೆಯೇ ಕಿವಿ ಮಂದವಾದ ಇನ್ನೂ ಕೆಲವರು ಅಲ್ಲಲ್ಲಿ ಕಂಡರು. ಹಿಂದೆ ಗೋಡೆಗೆ ಒರಗಿ ಯಜಮಾನಿ, ಯಜಮಾನಿಯ ಆ ಬದಿಗೆ ತಳಪಾಯ, ಈ ಬದಿಗೆ ನಾನು.

ಗ್ರಂಥಪಾಲಕಿ ವೇದಿಕೆಯ ಹತ್ತಿರದ ಸ್ವಿಚ್ ಒತ್ತಿದರು. ಪ್ರೊಜೆಕ್ಟರಿನ ಬೆಳಕು ನಿಧಾನಕ್ಕೆ ಏರಿತು. ಗೋಡೆಯ ಮೇಲೆ ನೀಲಿ ಬಣ್ಣ ಹರಡಿತು. ಅದರ ನಡುವೆ ದಪ್ಪ ಅಕ್ಷರದಲ್ಲಿ ಪ್ರೊಜೆಕ್ಟರಿನದೇ ಒಂದು ಸಾಲು ಬಂತು: ಸಿಗ್ನಲ್ ಇಲ್ಲ.

ಅಪ್ಪ ಅದನ್ನು ಓದಿದ. ತಿರುಗಿ ನನ್ನನ್ನು ನೋಡಿದ.

ಓಡಿಹೋಗಿ ವೇದಿಕೆಯ ಕೆಳಗಿನ ಕಪಾಟು ತೆಗೆದೆ. ಡಬ್ಬಿಯ ದೀಪ ಹಸಿರಾಗಿಯೇ ಉರಿಯುತ್ತಿತ್ತು, ನನಗೇನೂ ಆಗಿಲ್ಲ ಎನ್ನುವ ಹಾಗೆ. ಪ್ರೊಜೆಕ್ಟರಿನ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ನೀಲಿ. ಮತ್ತೆ ಕಿತ್ತೆ, ಮತ್ತೆ ಚುಚ್ಚಿದೆ. ನೀಲಿಯೇ. ಸ್ವಿಚ್ ಆರಿಸಿ ಹಾಕಲು ಹೇಳಿದೆ. ಎಲೆಕ್ಟ್ರಿಷಿಯನ್ ಮಹಾಶಯ ಡಬ್ಬಿಗೂ ಪ್ರೊಜೆಕ್ಟರಿಗೂ ಒಂದೇ ಸ್ವಿಚ್ ಕೊಟ್ಟು, ವಯರನ್ನು ಅಂದವಾಗಿ ಗೋಡೆಯೊಳಗೆ ಹೂತುಬಿಟ್ಟಿದ್ದ. ಎರಡೂ ಒಟ್ಟಿಗೆ ಆರಿ ಒಟ್ಟಿಗೆ ಹೊತ್ತಿದವು, ಪ್ರೊಜೆಕ್ಟರು ಮತ್ತೆ ಆಕಳಿಸುತ್ತಾ ಎದ್ದಿತು, ಮತ್ತದೇ ನೀಲಿ. ಲ್ಯಾಪ್‌ಟಾಪಿನಿಂದ ಡಬ್ಬಿಯೊಳಗೆ ಹೋಗಿ ನೋಡೋಣವೆಂದರೆ ಆ ದಾರಿಯನ್ನು ಯಾರೂ ಒಳನುಗ್ಗಬಾರದೆಂದು ಯಜಮಾನಿ ಹೋದ ವಾರವೇ ಮುಚ್ಚಿಸಿದ್ದರು.

"ಇನ್ನು ಕಾಯಕ್ಕಾಗಲ್ಲಮ್ಮ," ಎಂದು ಗ್ರಂಥಪಾಲಕಿ ಪಿಸುಗುಟ್ಟಿದರು. "ಜನ ಗಡಿಯಾರ ನೋಡ್ತಿದಾರೆ. ಡಾಕ್ಟ್ರು ಶುರು ಮಾಡ್ಲಿ, ನೀವು ಸರಿ ಮಾಡ್ತಾ ಇರಿ."

ನಾನು ಅಪ್ಪನ ಹತ್ತಿರ ಹೋಗಿ ಅಂಗೈ ಮೇಲೆ ಬರೆದೆ: ಸ್ವಲ್ಪ ತಾಳು. ಅವನು ತಲೆಯಾಡಿಸಿದ.

ಪಶುವೈದ್ಯರು ಮೈಕಿನ ಮುಂದೆ ನಿಂತರು. ಒಳ್ಳೇ ಮಾತುಗಾರ. "ಮನುಷ್ಯರ ಡಾಕ್ಟ್ರುಗಳಿಗೆ ಹೋಲಿಸಿದ್ರೆ ನನ್ನ ಕೆಲ್ಸ ಸುಲಭ," ಎಂದು ಶುರು ಮಾಡಿದರು. "ನನ್ನ ಪೇಶಂಟುಗಳು ಎಲ್ಲಿ ನೋವು ಅಂತ ಹೇಳಲ್ಲ ನಿಜ. ಆದ್ರೆ ಬರೋಕೆ ಮುಂಚೆ ಇಂಟರ್ನೆಟ್ ಓದ್ಕೊಂಡೂ ಬರಲ್ಲ." ಸಭೆ ಗೊಳ್ಳೆಂದಿತು. ಅಪ್ಪ ಎಡಗಡೆ ನೋಡಿದ, ಬಲಗಡೆ ನೋಡಿದ, ಅಮ್ಮನ ಮುಖ ನೋಡಿದ. ಅಮ್ಮನೂ ನಗುತ್ತಿದ್ದವಳು ಅವನ ಕಣ್ಣು ಕಂಡು ಥಟ್ಟನೆ ನಿಲ್ಲಿಸಿದಳು. ಅವನು ನಗಲಿಲ್ಲ. ತುಟಿ ಬಿಗಿದು, ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ನೆಟ್ಟಗೆ ಕೂತ.

ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಬಲ್ಲನ್ನು ದಿಟ್ಟಿಸುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಜೊತೆ ಮೊಣಕಾಲು ಬಂದು ಕೂತವು. ತಳಪಾಯ.

"ಹೀಗಾಗೋಕೆ ಸಾಧ್ಯವೇ ಇಲ್ಲ," ಎಂದ ಅವನು, ಮೇಡಂ ಗೀಡಂ ಇಲ್ಲದೆ. "ನಿಮ್ಮಪ್ಪ ಬರ್ತಾರೆ ಅಂತ ಯಜಮಾನಿ ಹೇಳಿದ್ರು. ಅದಕ್ಕೇ ನೀವು ಹೇಳಿದ ಹಾಗೇ ಮಾಡಿ ಕೊಟ್ಟಿದೀನಿ."

"ನಾನು ಹೇಳಿದ ಹಾಗೆ ಅಂದ್ರೆ?"

"ಅದೇ. ಪ್ರೊಜೆಕ್ಟರ್ ಪೂರ್ತಿ ಏಳೋವರೆಗೂ ಡ್ರೈವರ್ ಬಾಯಿ ಬಿಡಲ್ಲ. ಎದ್ದು ಸುಧಾರಿಸಿಕೊಂಡ ಮೇಲೆ ಒಂದೇ ಒಂದು ಸಲ ಕೂಗುತ್ತೆ. ನಿಮ್ಮ ಪ್ರೋಗ್ರಾಮ್ ಜೊತೆ ಹಾಕಿ ನೋಡಿದೆ, ಚೆನ್ನಾಗಿ ಹತ್ಕೊಳ್ತಿತ್ತು."

"ಯಾವ ಪ್ರೋಗ್ರಾಮ್ ಜೊತೆ?"

"ನನ್ನ ಹತ್ರ ಇದ್ದದ್ದು. ಹಳೇದು." ನನ್ನ ಮುಖ ನೋಡಿ ಅವನ ದನಿ ಇಳಿಯಿತು. "ಯಾಕೆ? ನೀವೇನಾದ್ರೂ ಮುಟ್ಟಿದ್ರಾ?"

"ನೀವು ಹೇಳಿದ ಹಾಗೇ ಮಾಡ್ದೆ," ಎಂದೆ ನಾನು. "ಮೊದಲ್ನೇ ಕೂಗಿಗೆ ಏಳಲ್ಲ. ಎರಡನೇದಕ್ಕೆ ಕಾಯ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಬೆಪ್ಪಾಗಿ ಕೂತೆವು. ಅವನು ಒಂದೇ ಸಲ ಕೂಗುತ್ತಾನೆ, ನಾನು ಎರಡನೆಯದಕ್ಕೆ ಕಾಯುತ್ತೇನೆ. ಕೇಬಲ್ ಕಿತ್ತಾಗ ಎರಡನೇ ಕೂಗು ಬರುತ್ತದೆ. ನಾನು ಎದ್ದು ನೋಡುತ್ತೇನೆ. ಆಗ ಅಲ್ಲಿ ಯಾರೂ ಇರುವುದಿಲ್ಲ. ಮತ್ತೆ ಚುಚ್ಚಿದರೆ ಅದು ಮೊದಲನೇ ಕೂಗು. ಪ್ರಳಯವಾಗುವವರೆಗೂ ಕಿತ್ತು ಚುಚ್ಚುತ್ತಿದ್ದರೂ ನಾನು ಒಂದು ಕೂಗು ಹಿಂದೆಯೇ. ಜಗಳವಾಡಿಕೊಂಡೇ ಇದ್ದಿದ್ದರೆ ಇಬ್ಬರಲ್ಲೊಬ್ಬರು ಗೆದ್ದು ಪರದೆ ಹತ್ತಿಕೊಳ್ಳುತ್ತಿತ್ತು. ಇಬ್ಬರೂ ಒಟ್ಟಿಗೆ ಒಳ್ಳೆಯವರಾಗಿ ಕೆಲಸ ಕೆಡಿಸಿದ್ದೆವು.

"ಆದ್ರೆ ಎರಡನ್ನೂ ಡಬ್ಬಿಗೆ ಹಾಕಿ ಯಜಮಾನಿ ನೋಡಿದ್ರಲ್ಲ? ಆಫೀಸಲ್ಲಿ ಹತ್ಕೊಳ್ತು ಅಂದ್ರು," ಎಂದೆ.

"ಆಫೀಸಿನ ಪರದೆ ಯಾವತ್ತು ಆರಿಸಿದಾರೆ? ಡಬ್ಬಿ ಏಳೋಕೆ ಮುಂಚೆನೇ ಅದು ಎದ್ದಿರುತ್ತೆ. ಡಬ್ಬಿ ಎದ್ದ ತಕ್ಷಣ ನೀವು ಎಲ್ಲಾ ಪೋರ್ಟನ್ನೂ ಒಂದ್ಸಲ ನೋಡ್ತೀರಲ್ಲ, ಅವಾಗ್ಲೇ ಸಿಕ್ಕಿರುತ್ತೆ. ಕೂಗೋ ಪ್ರಮೇಯವೇ ಬಂದಿಲ್ಲ."

ನಗು ಬಂತು. ಆ ಹೊತ್ತಿನಲ್ಲಿ, ಆ ಕಪಾಟಿನ ಮುಂದೆ, ನಗಬಾರದ ಜಾಗದಲ್ಲಿ ಇಬ್ಬರಿಗೂ ಕಿಸಕ್ಕನೆ ನಗು ಬಂತು. ಅದೇ ಗಳಿಗೆಯಲ್ಲಿ ಸಭೆಯೂ ಇನ್ನೊಮ್ಮೆ ನಕ್ಕಿತು. ತಿರುಗಿ ನೋಡಿದೆ. ಅಪ್ಪ ಏಳುತ್ತಿದ್ದ. ಅಮ್ಮ ಅವನ ಅಂಗಿಯ ತುದಿ ಹಿಡಿದಿದ್ದಳು, ಅವನು ಬಿಡಿಸಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಆ ಅಂಗಿ ಮುದುಡಿಹೋಗುತ್ತಿತ್ತು.

"ಇನ್ನೊಂದು ಕೂಗು ಬೇಕು," ಎಂದೆ. "ಕೇಬಲ್ ಕೀಳದೆ, ಪ್ರೊಜೆಕ್ಟರ್ ಅಲ್ಲೇ ಇರೋವಾಗ್ಲೇ, ಒಂದೇ ಒಂದು ಕೂಗು."

ತಳಪಾಯ ಡಬ್ಬಿಯನ್ನು ನೋಡಿದ. ನಾನೂ ನೋಡಿದೆ. ಪ್ರೊಜೆಕ್ಟರಿನ ಕೇಬಲ್ ಪಕ್ಕದಲ್ಲೇ ಎರಡನೇ ಪೋರ್ಟು ಖಾಲಿ ಬಾಯಿ ತೆರೆದುಕೊಂಡು ಕೂತಿತ್ತು.

"ನಾನು ಯಾರು ಬಂದ್ರು ಅಂತ ಹೇಳಲ್ಲ," ಎಂದ ಅವನು ನಿಧಾನವಾಗಿ. "ಏನೋ ಬದಲಾಗಿದೆ ಅಂತೀನಿ, ಅಷ್ಟೇ."

"ನಾನು ಎಲ್ಲಾ ಪೋರ್ಟನ್ನೂ ನೋಡ್ತೀನಿ!"

ಹಾಗೆ ಹೇಳುತ್ತಲೇ ನಾನು ಎದ್ದು ಓಡಿದ್ದೆ. ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಕೊಡುವಾಗ ನೋಡುವ ಸಣ್ಣ ಮಾನಿಟರು ಇತ್ತು. ಗ್ರಂಥಪಾಲಕಿ "ಅಯ್ಯೋ, ಅದು ನಂದು" ಎನ್ನುವಷ್ಟರಲ್ಲಿ ಕೇಬಲ್ ಸಮೇತ ಕಿತ್ತುಕೊಂಡು ಕಂಕುಳಲ್ಲಿಟ್ಟುಕೊಂಡೆ. ಕುರ್ಚಿಗಳ ನಡುವಿನ ದಾರಿಯಲ್ಲಿ ಯಾರ ಕಾಲನ್ನೋ ತುಳಿದೆ. ಪಶುವೈದ್ಯರು ಮಾತು ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡಿ, "ಅದಕ್ಕೇನಾಗಿದೆ? ಜ್ವರನಾ?" ಎಂದರು. ಜನ ಮತ್ತೆ ನಕ್ಕರು. ನಗಲಿ ಬಿಡಿ. ತಳಪಾಯ ಮಾನಿಟರನ್ನು ಇಸಿದುಕೊಂಡು ಪ್ಲಗ್ಗಿಗೆ ಹಾಕಿದ, ನಾನು ಅದರ ಕೇಬಲ್ಲನ್ನು ಖಾಲಿ ಪೋರ್ಟಿಗೆ ಚುಚ್ಚಿದೆ.

ಸಣ್ಣ ಮಾನಿಟರು ಕಣ್ಣು ಬಿಟ್ಟಿತು. ತಳಪಾಯ ಗೋಡೆಯತ್ತ ತಿರುಗಿದ. ನೀಲಿ ಬಣ್ಣ ಒಮ್ಮೆ ಕಪ್ಪಾಯಿತು, ಆಮೇಲೆ ಗೋಡೆಯ ತುಂಬ, ಈ ತುದಿಯಿಂದ ಆ ತುದಿಯವರೆಗೆ, ಬಿಳಿ ಅಕ್ಷರಗಳು ನಿಂತವು. ಇಷ್ಟು ಹೊತ್ತೂ ಖಾಲಿ ಗೋಡೆಗೆ ಟೈಪು ಮಾಡುತ್ತಲೇ ಇದ್ದ ಟೈಪಿಸ್ಟಕ್ಕನ ಕೊನೆಯ ಸಾಲು ಇದು: [ಭಾಷಣಕಾರರು] ಅದಕ್ಕೇನಾಗಿದೆ? ಜ್ವರನಾ? [ಸಭೆಯಲ್ಲಿ ನಗು]

ಅಪ್ಪ ಅರ್ಧ ಎದ್ದವನು ಹಾಗೇ ನಿಂತ. ಓದಿದ. ನನ್ನ ಕಂಕುಳಲ್ಲಿದ್ದ ಮಾನಿಟರನ್ನು ಜ್ಞಾಪಿಸಿಕೊಂಡನೆಂದು ಕಾಣುತ್ತದೆ, ನನ್ನ ಕಡೆ ನೋಡಿದ. ನಾನು ಕೂರು ಎಂದು ಕೈಸನ್ನೆ ಮಾಡಿದೆ. ಅವನು ಕೂತ, ಆದರೆ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವನ ಹಾಗೆ.

ಪಶುವೈದ್ಯರು ಮುಂದುವರಿಸಿದರು. ಮುದ್ರಣಾಲಯದಲ್ಲಿ ಬದುಕು ಕಳೆದವನಿಗೆ ಓದುವುದು ಹೇಳಿಕೊಡಬೇಕೆ? ಟೈಪಿಸ್ಟಕ್ಕ ಬರೆದದ್ದು ಮೂಡುವುದೇ ತಡ, ಅವನ ಕಣ್ಣು ಸಾಲಿನ ಕೊನೆಗೆ ಹೋಗಿ ಮುಂದಿನದಕ್ಕೆ ಕಾಯುತ್ತಿತ್ತು. ಮೊದಲು ಅವನ ಬೆನ್ನು ಕುರ್ಚಿಗೆ ಒರಗಿತು. ಆಮೇಲೆ ಕೈಗಳು ಮೊಣಕಾಲು ಬಿಟ್ಟು ಎದೆಯ ಮೇಲೆ ಕಟ್ಟಿಕೊಂಡವು. ಗಿಳಿಯೊಂದಕ್ಕೆ ಬೈಗುಳ ಕಲಿಸಿದವರ ಕತೆಗೆ ಅವನ ಹೆಗಲು ಕುಲುಕಿತು. ನಾನೂ ತಳಪಾಯನೂ ನೆಲದ ಮೇಲೆಯೇ ಕೂತಿದ್ದೆವು, ಯಾರೂ ಆ ಎರಡನೇ ಕೇಬಲ್ಲನ್ನು ಎಡವಬಾರದೆಂದು ಕಾವಲು.

"ಒಬ್ರು ಬೆಕ್ಕನ್ನ ಕರ್ಕೊಂಡು ಬಂದ್ರು," ಎಂದರು ಪಶುವೈದ್ಯರು. "ಡಾಕ್ಟ್ರೇ, ಇದಕ್ಕೆ ಕಿವಿ ಕೇಳಲ್ಲ, ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ ಅಂದ್ರು. ನಾನು ಪಕ್ಕದ ಕೋಣೆಗೆ ಹೋಗಿ ಮೀನಿನ ಡಬ್ಬದ ಮುಚ್ಚಳ ಮೆಲ್ಲಗೆ ತೆಗ್ದೆ. ಬೆಕ್ಕು ಬಾಣದ ಹಾಗೆ ಬಂತು! ಕಿವಿ ಚೆನ್ನಾಗೇ ಇದೆ ಸ್ವಾಮಿ, ನಿಮ್ಮ ಮಾತಲ್ಲಿ ಅದಕ್ಕೆ ಆಸಕ್ತಿ ಇಲ್ಲ ಅಷ್ಟೇ ಅಂದೆ."

ಸಭೆ ನಗಲು ಬಾಯಿ ತೆರೆದಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಕಿಟಕಿಯ ಗಾಜು ನಡುಗುವಂಥ ದನಿಯಲ್ಲಿ ಅಪ್ಪ ಹೇಳಿದ:

"ಡಾಕ್ಟ್ರೇ, ದಯವಿಟ್ಟು ಆ ಪರೀಕ್ಷೆನ ನಮ್ಮನೆಯವಳಿಗೆ ಹೇಳ್ಕೊಡಬೇಡಿ!"

ಇಡೀ ಸಭಾಂಗಣದಲ್ಲಿ ನಗು ಸಿಡಿಯಿತು. ಯಾರೋ ಕುರ್ಚಿಯ ಕೈ ಬಡಿದರು, ಗ್ರಂಥಪಾಲಕಿ ಬಾಯಿಗೆ ಸೆರಗು ಒತ್ತಿಕೊಂಡರು, ಯಜಮಾನಿ ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು. ಅಮ್ಮ ಅವನ ತೋಳಿಗೆ ಫಟಾರನೆ ಹೊಡೆದಳು, ಮುಖ ಕೆಂಪಾಗಿತ್ತು. ಅಪ್ಪ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಅವನ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು:

[ಮುಂದಿನ ಸಾಲಿನ ಹಿರಿಯರು, ತುಂಬಾ ಜೋರಾಗಿ] ಡಾಕ್ಟ್ರೇ, ದಯವಿಟ್ಟು ಆ ಪರೀಕ್ಷೆನ ನಮ್ಮನೆಯವಳಿಗೆ ಹೇಳ್ಕೊಡಬೇಡಿ! [ಸಭೆಯಲ್ಲಿ ನಗು. ನಿಲ್ಲುತ್ತಿಲ್ಲ]

ಅಪ್ಪ ತನ್ನ ಮಾತನ್ನು ತುಟಿಯಲ್ಲೇ ಓದಿಕೊಂಡ. ಎಷ್ಟೋ ವರ್ಷಗಳಿಂದ ಅವನು ಮಾತಾಡಿದ್ದು ಎಲ್ಲಿಗೆ ಹೋಗಿ ಬೀಳುತ್ತದೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಅಮ್ಮನ ಕಡೆ ತಿರುಗಿ, "ನಾನು ಅಷ್ಟು ಜೋರಾಗಾ ಮಾತಾಡೋದು?" ಎಂದು ಕೇಳಿದ, ಅಷ್ಟೇ ಜೋರಾಗಿ. ಅಮ್ಮ ತಲೆ ಹೌದು ಹೌದೆಂದು ಆಡಿಸುತ್ತಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಟೈಪಿಸ್ಟಕ್ಕ ಅದನ್ನೂ ಬಿಡದೆ ಟೈಪು ಮಾಡಿದರು.

ಪಶುವೈದ್ಯರು ನಗು ಇಳಿಯಲೆಂದು ಕಾದು ಮೈಕಿಗೆ ಬಾಗಿದರು. "ಹೇಳ್ಕೊಡಲ್ಲ ಸಾರ್. ಆದ್ರೆ ಅವರ ಮುಖ ನೋಡಿದ್ರೆ, ಅವರಿಗೆ ಆ ಪರೀಕ್ಷೆ ನನಗಿಂತ ಮುಂಚೆನೇ ಗೊತ್ತಿರೋ ಹಾಗಿದೆ!"

ನಾನು ಗೋಡೆ ನೋಡಲಿಲ್ಲ, ಪಶುವೈದ್ಯರನ್ನೂ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ತಳಪಾಯ ಇದ್ದಾನೆಂಬುದನ್ನೂ ಮರೆತು ಅಳುತ್ತಿದ್ದೆ. ಸಭೆ ನಕ್ಕಿತು. ಅಪ್ಪನೂ ನಕ್ಕ. ಯಾರನ್ನೂ ಕೇಳದೆ, ಯಾರ ಮುಖವನ್ನೂ ಹುಡುಕದೆ, ಎಲ್ಲರ ಜೊತೆಗೆ, ಎಲ್ಲರೂ ನಕ್ಕ ಹೊತ್ತಿಗೇ.